ತೊಡೆಯ ಮೇಲೊಂದು ಭಾರದ ಕೌದಿ

ಆಟಿಸಂ ಇರುವ ಮಗು ತರಗತಿಯಲ್ಲಿ ಕುಂತಲ್ಲಿ ಕೂರದಿದ್ದರೆ ಪಾಲಕರು ಮೊದಲು ತರಿಸುವುದು ಸ್ಪಿನ್ನರ್, ಅಂದರೆ ಬೆರಳಲ್ಲಿ ಹಿಡಿದು ತಿರುಗಿಸುವ ಆಟಿಕೆ. ಅದು ತಿರುಗುತ್ತದೆ, ಮಗು ಅದನ್ನೇ ನೋಡುತ್ತದೆ, ಕರಿಹಲಗೆಗೆ ಕಣ್ಣು ಉಳಿಯುವುದಿಲ್ಲ. ತರಗತಿಯ ಸಾಧನ ಕೈಗೋ ತೊಡೆಗೋ ಕೆಲಸ ಕೊಡಬೇಕು, ಕಣ್ಣನ್ನು ಬಿಟ್ಟುಬಿಡಬೇಕು.

ತೊಡೆಯ ಮೇಲಿಡುವ, ಮರಳು ತುಂಬಿದ ಸಣ್ಣ ಕೌದಿ ಅಂಥದ್ದು. ಅದಕ್ಕೆ ಬೇಕಾದ ಕಸುಬು ಬಾಗಲಕೋಟೆ ಕಡೆಯ ಮನೆಗಳಲ್ಲೇ ಇದೆ: ಹಳೆಬಟ್ಟೆಯ ಪದರ ಕೂಡಿಸಿ ಕೌದಿ ಹೊಲಿಯುವುದು. ಹಳೆಯ ಇಳಕಲ್ ಸೀರೆಯ ಹತ್ತಿ ಒಡಲು ಒಗೆದೊಗೆದು ಮೆತ್ತಗಾಗಿರುತ್ತದೆ. ಹೊರಕವಚಕ್ಕೆ ಅದೇ ಸೈ. ಒಳಚೀಲಕ್ಕೆ ಒತ್ತು ನೇಯ್ಗೆಯ ಗಾದಿ ಬಟ್ಟೆ ಬೇಕು, ಇಲ್ಲವಾದರೆ ಮರಳು ಸೋರುತ್ತದೆ. ಈ ಗಾದಿ ಬಟ್ಟೆಯಲ್ಲಿ 13×17 ಇಂಚಿನ ಎರಡು ತುಂಡು ಕತ್ತರಿಸಿ ಮೂರು ಬದಿ ಹೊಲಿಯಿರಿ. ಉದ್ದಕ್ಕೆ ಎರಡು ಹೊಲಿಗೆ ಹಾಕಿದರೆ ಮೂರು ಕೊಳವೆ. ಪ್ರತಿ ಕೊಳವೆಗೆ 80 ಗ್ರಾಂ ಮರಳು ಸುರಿದು, ಕೆಳಕ್ಕೆ ಕುಟ್ಟಿ, ಅಡ್ಡ ಹೊಲಿಗೆ. ಹೀಗೆ ನಾಲ್ಕು ಸಾಲು, 12 ಖಾನೆ, ಸುಮಾರು 1 ಕಿಲೋ. 20 ಕಿಲೋ ತೂಗುವ ಮಗುವಿಗೆ ಇದು ಶೇ. 5ರಷ್ಟು, ಇಲ್ಲಿಂದ ಶುರುಮಾಡುವುದು ಒಳ್ಳೆಯದು. ಹೊಲಿಗೆಯ ದಾರಿಗೆ ಮರಳು ಬಂದರೆ ಮಷಿನ್ ಸೂಜಿ ಮುರಿಯುತ್ತದೆ, ಪಿನ್ ಹಾಕಿ ತಡೆಯಿರಿ. ಖಾನೆ ಬೇಡವೆಂದು ಬಿಟ್ಟರೆ ಮರಳೆಲ್ಲ ಒಂದು ಮೂಲೆಗೆ ಜಾರಿ ಒಂದೇ ತೊಡೆಗೆ ಭಾರ ಬೀಳುತ್ತದೆ.

ಮರಳನ್ನು ಜರಡಿ ಹಿಡಿದು, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿರಬೇಕು. ಜೋಳ ಸುಲಭಕ್ಕೆ ಸಿಗುತ್ತದೆ ನಿಜ, ಆದರೆ ನುಸಿ ಬೀಳುತ್ತದೆ, ಒದ್ದೆಯಾದರೆ ಮುಗ್ಗಲು ವಾಸನೆ. ವಾಸನೆಗೇ ಅಳುವ ಮಕ್ಕಳಿದ್ದಾರೆ.

ತೊಡೆಯ ಮೇಲೆ 15ರಿಂದ 20 ನಿಮಿಷ, ಆಮೇಲೆ ತೆಗೆಯಿರಿ. ದಿನವಿಡೀ ಇಟ್ಟರೆ ಮೈ ಅದಕ್ಕೆ ಒಗ್ಗಿ ಉಪಯೋಗ ಹೋಗುತ್ತದೆ. ಮಗು ತಾನೇ ಸರಿಸಿಬಿಡುವಂತಿರಬೇಕು. ಕುತ್ತಿಗೆ, ಎದೆ, ಮಲಗಿದ ಮೈಮೇಲೆ ಎಂದೂ ಬೇಡ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕ ಬಿಟ್ಟ ಮರಳುಚೀಲ ಹಂಚಿನಂತೆ ಕಾಯುತ್ತದೆ.

ಬೆರಳು ಸುಮ್ಮನಿರದ ಮಗುವಿಗೆ ಡೆಸ್ಕಿನ ಅಡಿಗೆ ಎರಡು ಇಂಚಗಲದ ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆಯ) ಪಟ್ಟಿ ಅಂಟಿಸಿ. ಅದರ ಉಬ್ಬುನೇಯ್ಗೆ ಕೆಲವರಿಗೆ ಹಿತ, ಕೆಲವರಿಗೆ ಮುಳ್ಳು. ಕೈ ಹಿಂದೆಳೆದುಕೊಂಡರೆ ಒತ್ತಾಯ ಬೇಡ.

ಭಾರದ ಕೌದಿ ಎಲ್ಲರ ಗಮನ ಹೆಚ್ಚಿಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಹಾಗಾಗಿ ಒಂದು ವಾರ ಕೌದಿಯಿಲ್ಲದೆ, ಒಂದು ವಾರ ಕೌದಿಯೊಂದಿಗೆ, ಒಂದೇ ಪಿರಿಯಡ್‌ನಲ್ಲಿ ಮಗು ಎಷ್ಟು ಸಲ ಎದ್ದಿತೆಂದು ಗೀಟು ಹಾಕಿಡಿ. ಗೀಟು ಕಡಿಮೆಯಾಗದಿದ್ದರೆ ಕೌದಿ ಮನೆಗೆ ವಾಪಸ್.