ಕೌದಿ ಹೊಲಿಯುವ ಕೈಗೆ ಗೊತ್ತಿರುವ ಭೌತವಿಜ್ಞಾನ

ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಮೇಲೆ ಪಡಸಾಲೆಯಲ್ಲಿ ಕೌದಿಯ ಕೆಲಸ ಶುರುವಾಗುತ್ತದೆ. ಮೆತ್ತಗಾದ ಹಳೆಯ ಸೀರೆಯೊಂದನ್ನು ಸುಕ್ಕಿಲ್ಲದಂತೆ ನೆಲಕ್ಕೆ ಹಾಸಿ, ಅದರ ಮೇಲೆ ಸವೆದ ಧೋತರ, ಹರಿದ ಅಂಗಿ, ಮಕ್ಕಳ ಲಂಗದ ತುಂಡುಗಳನ್ನು ಪದರು ಪದರಾಗಿ ಹರಡಿ, ಎಲ್ಲಕ್ಕಿಂತ ಮೇಲೆ ಬಣ್ಣದ ತುಣುಕುಗಳನ್ನು ಜೋಡಿಸಿ, ಸುತ್ತ ಕುಳಿತ ಹೆಂಗಸರು ಸಾಲು ಸಾಲಾಗಿ ಸೂಜಿ ಓಡಿಸುತ್ತಾರೆ. ಮನೆಯಲ್ಲಿ ಮಾಡುವ ಇಂಥ ಹೊಲಿಗೆಯ ಸುಖವನ್ನು ಕುರಿತು ಹೇಳುವಾಗ ಅದರಿಂದ ಸಿಗುವ ನೆಮ್ಮದಿಯ ಮಾತೇ ಹೆಚ್ಚಾಗಿ ಬರುತ್ತದೆ. ಆ ನೆಮ್ಮದಿ ನಿಜವಾದದ್ದು. ಆದರೆ ಅದರ ದೊಡ್ಡ ಪಾಲು ಬಟ್ಟೆಯ ಸ್ವಭಾವವನ್ನು ಬೆರಳಿನಿಂದ ತಿಳಿದುಕೊಳ್ಳುವುದರಲ್ಲಿ ಇದೆ ಎಂಬುದು ನನ್ನ ನಂಬಿಕೆ. ಬಟ್ಟೆ, ದಾರ, ಸೂಜಿ ಮೂರೂ ನಿಯಮ ತಪ್ಪದೆ ನಡೆದುಕೊಳ್ಳುತ್ತವೆ. ಹೊಲಿಯುವ ಕೈ ಆ ನಿಯಮಗಳನ್ನು ಪ್ರತಿ ಸಾಲಿನಲ್ಲೂ ಪರೀಕ್ಷಿಸುತ್ತದೆ, ಮತ್ತು ಉತ್ತರ ಕೂಡಲೇ ಸಿಗುತ್ತದೆ.

ಮೊದಲು ಕೌದಿಯ ಬೆಚ್ಚಗಿನ ಗುಣವನ್ನೇ ನೋಡೋಣ. ನಿದ್ರಿಸುತ್ತಿರುವ ವಯಸ್ಕರ ದೇಹ ಸುಮಾರು 70ರಿಂದ 80 ವ್ಯಾಟ್‌ನಷ್ಟು ಶಾಖವನ್ನು ಹೊರಬಿಡುತ್ತಲೇ ಇರುತ್ತದೆ. ಹೊದಿಕೆ ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ದೇಹದ ಶಾಖ ಹೊರಗೆ ಹೋಗುವ ವೇಗವನ್ನು ತಗ್ಗಿಸುತ್ತದೆ, ಅಷ್ಟೆ. ಈ ಕೆಲಸವನ್ನು ಬಟ್ಟೆಗಿಂತ ಚೆನ್ನಾಗಿ ಮಾಡುವುದು ಬಟ್ಟೆಯೊಳಗೆ ಸಿಕ್ಕಿಬಿದ್ದ ಗಾಳಿ. ಅಲುಗಾಡದ ಗಾಳಿಯ ಉಷ್ಣವಾಹಕತೆ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.025 ವ್ಯಾಟ್ ಮಾತ್ರ; ನೀರಿನದು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು, ಹತ್ತಿಯ ನಾರಿನದೂ ಗಾಳಿಗಿಂತ ಹಲವು ಪಟ್ಟು ಹೆಚ್ಚು. ಹಾಗಾದರೆ ಬರೀ ಗಾಳಿಯ ಒಂದು ದಪ್ಪ ಪದರು ಸಾಲದೇ ಎಂದು ಕೇಳಬಹುದು. ಸಾಲದು. ಗಾಳಿಯ ಸಂದು ಒಂದು ಸೆಂಟಿಮೀಟರಿಗಿಂತ ಹಿಗ್ಗಿದಂತೆ ಬಿಸಿಗಾಳಿ ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸುತ್ತಾಟ ಆರಂಭವಾಗುತ್ತದೆ, ಶಾಖ ಆ ಸುತ್ತಾಟದ ಜೊತೆಗೆ ಪರಾರಿಯಾಗುತ್ತದೆ. ಮೇಲಾಗಿ ಬರಿದಾದ ಸಂದಿನ ಮೂಲಕ ಶಾಖ ವಿಕಿರಣದ ರೂಪದಲ್ಲೂ ದಾಟಿಹೋಗುತ್ತದೆ. ಅಲ್ಲಲ್ಲಿ ತೆಳ್ಳನೆಯ ಬಟ್ಟೆಯ ಅಡ್ಡಗೋಡೆಗಳನ್ನು ನಿಲ್ಲಿಸಿದರೆ ಗಾಳಿಯ ಸುತ್ತಾಟವೂ ನಿಲ್ಲುತ್ತದೆ, ವಿಕಿರಣಕ್ಕೂ ಪ್ರತಿ ಪದರಿನಲ್ಲಿ ತಡೆ ಬೀಳುತ್ತದೆ. ಏಳೆಂಟು ಹಳೆಯ ಸೀರೆಗಳ ಪದರುಗಳು ಮಾಡುವ ಕೆಲಸ ಇದೇ.

ಉಡುಪಿನ ಬೆಚ್ಚಗಿನ ಗುಣವನ್ನು ಅಳೆಯಲು 1941ರಲ್ಲಿ ವಿಜ್ಞಾನಿಗಳು ‘ಕ್ಲೋ’ ಎಂಬ ಏಕಮಾನವನ್ನು ರೂಪಿಸಿದರು. 21 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಸುಮ್ಮನೆ ಕುಳಿತ ವ್ಯಕ್ತಿಗೆ ಹಿತವೆನಿಸುವಷ್ಟು ಉಡುಪು ಒಂದು ಕ್ಲೋ. ಬಟ್ಟೆಯ ಶಾಖತಡೆ ಅದರ ತೂಕಕ್ಕಿಂತ ಹೆಚ್ಚಾಗಿ ದಪ್ಪವನ್ನು ಅವಲಂಬಿಸಿರುವುದರಿಂದ ಇಲ್ಲಿ ಲೆಕ್ಕ ಸುಲಭ: ಸಡಿಲವಾಗಿ ಹೊಲಿದ ಅರ್ಧ ಸೆಂಟಿಮೀಟರ್ ದಪ್ಪದ ಕೌದಿ ಸುಮಾರು 0.8 ಕ್ಲೋ ಕೊಡುತ್ತದೆ. ಬಯಲುಸೀಮೆಯ ಚಳಿಗಾಲದ ಬಹುಪಾಲು ರಾತ್ರಿಗಳಿಗೆ, ಮೈಮೇಲಿನ ಬಟ್ಟೆಯೂ ಸೇರಿದರೆ, ಒಂದು ಇಲ್ಲವೇ ಎರಡು ಕೌದಿ ಸಾಕಾಗುವುದು ಇದರಿಂದಲೇ. ಅದೇ ಕೌದಿಯನ್ನು ಮೈಕೆಳಗೆ ಹಾಸಿಕೊಂಡರೆ ದೇಹದ ಭಾರಕ್ಕೆ ಪದರುಗಳು ಅಪ್ಪಚ್ಚಿಯಾಗಿ, ಗಾಳಿ ಹೊರಬಿದ್ದು, ನೆಲದ ತಂಪು ಮೇಲೇರುತ್ತದೆ. ಹಾಸುವ ಕೌದಿಗೆ ಹೊದೆಯುವುದಕ್ಕಿಂತ ಹೆಚ್ಚು ಪದರುಗಳನ್ನು ಹಾಕುವುದು ಭೌತವಿಜ್ಞಾನಕ್ಕೆ ಸಮ್ಮತವಾದ ಕ್ರಮ.

ಹೊಲಿಗೆಯ ಸಾಲು ಎಷ್ಟು ಒತ್ತಾಗಿರಬೇಕು ಎಂಬ ತೀರ್ಮಾನವೂ ಇಲ್ಲಿಂದಲೇ ಹುಟ್ಟುತ್ತದೆ. ದಾರ ಬಿಗಿದ ಕಡೆಯಲ್ಲೆಲ್ಲ ಪದರುಗಳು ಅಂಟಿಕೊಂಡು ಗಾಳಿ ಕಡಿಮೆಯಾಗುವುದರಿಂದ ಅತಿಯಾಗಿ ಒತ್ತಾದ ಹೊಲಿಗೆ ಕೌದಿಯನ್ನು ಗಟ್ಟಿಯಾಗಿಸುತ್ತದೆ, ಆದರೆ ತಣ್ಣಗಾಗಿಸುತ್ತದೆ. ತೀರಾ ವಿರಳವಾದರೆ ಒಳಗಿನ ತುಂಡುಗಳು ಜಾರಿ ಒಂದೆಡೆ ಮುದ್ದೆಯಾಗುತ್ತವೆ. ಹಿಂಜಿದ ಅರಳೆ ತುಂಬಿದ ರಜಾಯಿಯಲ್ಲಿ ನಾರುಗಳು ಬಿಡಿಬಿಡಿಯಾಗಿ ಇರುವುದರಿಂದ ಈ ತೊಂದರೆ ಹೆಚ್ಚು. ಕೌದಿಯಲ್ಲಿ ನೇಯ್ದ ಬಟ್ಟೆಯೇ ಒಳಗಿರುವುದರಿಂದ ಕಡಿಮೆ. ನುರಿತವರು ಸಾಲಿನಿಂದ ಸಾಲಿಗೆ ಒಂದೆರಡು ಬೆರಳಗಲ ಬಿಡುವುದು ಈ ಎರಡು ಅತಿಗಳ ನಡುವಿನ ನೆಲೆ.

ಹೊಸ ಬಟ್ಟೆಯ ಬದಲು ಹಳೆಯದನ್ನೇ ಏಕೆ ಬಳಸುತ್ತಾರೆ? ಉಳಿತಾಯ ಒಂದು ಕಾರಣ, ಹಿರಿಯರ ಸೀರೆಯ ಮೇಲಿನ ಮಮತೆ ಇನ್ನೊಂದು. ಮೂರನೆಯ ಕಾರಣ ಹತ್ತಿಯ ನಾರಿನೊಳಗಿದೆ. ನೀರು ಕುಡಿದ ಹತ್ತಿಯ ನಾರು ಅಡ್ಡಗಲದಲ್ಲಿ ಸುಮಾರು ಶೇಕಡಾ 20ರಷ್ಟು ಉಬ್ಬುತ್ತದೆ, ಉದ್ದದಲ್ಲಿ ಮಾತ್ರ ಹೆಚ್ಚೆಂದರೆ ಶೇಕಡಾ ಒಂದರ ಆಸುಪಾಸು. ನೇಯ್ದ ಬಟ್ಟೆಯಲ್ಲಿ ಹಾಸಿನ ಎಳೆಗಳು ಹೊಕ್ಕಿನ ಎಳೆಗಳನ್ನು ಬಳಸಿಕೊಂಡು ಹತ್ತಿ ಇಳಿಯುತ್ತ ಸಾಗುತ್ತವೆ. ಅಡ್ಡ ಬಂದ ಎಳೆ ಉಬ್ಬಿದರೆ ಬಳಸುವ ದಾರಿ ಉದ್ದವಾಗುತ್ತದೆ, ಎಳೆ ಮಾತ್ರ ಇದ್ದಷ್ಟೇ ಉದ್ದ ಇರುತ್ತದೆ, ಆದ್ದರಿಂದ ಬಟ್ಟೆಯೇ ಕುಗ್ಗಬೇಕಾಗುತ್ತದೆ. ಮಗ್ಗದ ಮೇಲೆ ಬಿಗಿಯಾಗಿ ಎಳೆಯಲ್ಪಟ್ಟ ನೂಲು ಮೊದಲ ಒಗೆತಗಳಲ್ಲಿ ಆ ಬಿಗುವನ್ನು ಕಳೆದುಕೊಳ್ಳುವುದೂ ಇದಕ್ಕೆ ಸೇರುತ್ತದೆ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸಬೇಕೆಂದು ದರ್ಜಿಗಳು ಹೇಳುವುದು ಇದಕ್ಕಾಗಿ. ನೂರಾರು ಸಲ ಒಗೆಸಿಕೊಂಡ ಸೀರೆ ಕುಗ್ಗಬೇಕಾದಷ್ಟನ್ನು ಆಗಲೇ ಕುಗ್ಗಿ ಮುಗಿಸಿರುತ್ತದೆ. ಅಂಥ ಪದರುಗಳನ್ನು ಸೇರಿಸಿ ಹೊಲಿದಾಗ ಒಂದು ಪದರು ಇನ್ನೊಂದನ್ನು ಎಳೆದು ಸುಕ್ಕುಗಟ್ಟಿಸುವ ಭಯವಿಲ್ಲ. ಗಂಜಿ ಪೂರ್ತಿ ಬಿಟ್ಟುಹೋಗಿ, ಎಳೆಗಳ ಮೇಲೆ ಸಣ್ಣ ನವಿರು ಎದ್ದು, ಬಟ್ಟೆ ಮೆತ್ತಗಾಗಿರುವುದರಿಂದ ಎಳೆಗೂಸಿನ ಚರ್ಮಕ್ಕೂ ಹಿತ.

ಈಗ ಹಳ್ಳಿಗಳಲ್ಲೂ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚಾಗಿ ಹಳತಾಗುತ್ತಿವೆ, ಹಾಗಾಗಿ ಕೌದಿಯೊಳಗೂ ಅವೇ ಸೇರುತ್ತಿವೆ. ಅವುಗಳ ಬಣ್ಣ ಮಾಸುವುದಿಲ್ಲ ನಿಜ. ಆದರೆ 20 ಡಿಗ್ರಿ ಉಷ್ಣತೆ, ಶೇಕಡಾ 65ರ ಆರ್ದ್ರತೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8.5ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4 ಮಾತ್ರ. ಬೆವರಿನ ಆವಿಗೆ ಆ ಎಳೆಯೊಳಗೆ ಜಾಗವಿಲ್ಲ. ನುಣುಪಾದ ಆ ಪದರುಗಳು ಒಂದರ ಮೇಲೊಂದು ಜಾರುವುದರಿಂದ ಹೊಲಿಯುವ ಕೈಗೂ ದುಡಿಮೆ ಹೆಚ್ಚು. ಒಳಪದರುಗಳಿಗಾದರೂ ಹತ್ತಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನಾನು ಹೇಳುತ್ತೇನೆ.

ಇನ್ನು ದಾರದ ಮಾತು. ಹತ್ತಿಯ ಪ್ರತಿಯೊಂದು ನಾರೂ ಬೀಜದ ಸಿಪ್ಪೆಯಿಂದ ಬೆಳೆದ ಒಂದೇ ಒಂದು ಜೀವಕೋಶ. ಕಾಯಿ ಒಡೆದಾಗ ಕೊಳವೆಯಂತಿದ್ದ ಆ ಕೋಶದ ಒಳಗಿನ ನೀರು ಆರಿ, ಅದು ಚಪ್ಪಟೆಯಾಗಿ, ತಿರುಚಿದ ಪಟ್ಟಿಯ ಆಕಾರಕ್ಕೆ ಬರುತ್ತದೆ. ಎರೆಭೂಮಿಯ ಜಯಧರ್‌ನಂಥ ನಾಡ ಹತ್ತಿಯ ನಾರು ಗಿಡ್ಡ. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿಯಂಥ ಹೈಬ್ರಿಡ್‌ನ ನಾರು ಉದ್ದ. ಆದರೆ ಎಷ್ಟೇ ಉದ್ದವೆಂದರೂ ಮೂರು ನಾಲ್ಕು ಸೆಂಟಿಮೀಟರು. ಇಷ್ಟು ತುಂಡು ನಾರುಗಳಿಂದ, ಅಂಟು ಗಂಟು ಯಾವುದೂ ಇಲ್ಲದೆ, ನೂರಾರು ಮೀಟರಿನ ದಾರ ಹೇಗೆ ನಿಲ್ಲುತ್ತದೆ? ಹಗ್ಗದ ವಿಚಾರದಲ್ಲಿ ಗೆಲಿಲಿಯೊ 1638ರಲ್ಲೇ ಈ ಪ್ರಶ್ನೆಯನ್ನು ಎತ್ತಿದ್ದನು. ಹುರಿ ಹೊಸೆದ ನಾರುಗಳನ್ನು ಎಳೆದಾಗ ಅವು ಒಂದನ್ನೊಂದು ಒಳಮುಖವಾಗಿ ಒತ್ತುತ್ತವೆ. ಒತ್ತಡ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. ಹೀಗೆ ಎಳೆತವೇ ಹಿಡಿತವನ್ನು ಬಲಪಡಿಸುತ್ತದೆ. 2018ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿಗಳಾದ ಪ್ಯಾಟ್ರಿಕ್ ವಾರನ್, ರಾಬಿನ್ ಬಾಲ್, ರೇಮಂಡ್ ಗೋಲ್ಡ್‌ಸ್ಟೀನ್ ಇದನ್ನು ಗಣಿತದ ಮೂಲಕ ಪರಿಶೀಲಿಸಿ, ನಾರುಗಳು ಒಂದನ್ನೊಂದು ಸಾಕಷ್ಟು ಕಡೆಗಳಲ್ಲಿ ಮುಟ್ಟಿದ ಕೂಡಲೇ ಸಡಿಲವಾದ ರಾಶಿ ಇದ್ದಕ್ಕಿದ್ದಂತೆ ಗಟ್ಟಿಯಾದ ಎಳೆಯಾಗಿ ಮಾರ್ಪಡುತ್ತದೆಂದು ತೋರಿಸಿದರು. ಬತ್ತಿ ಹೊಸೆಯುವಾಗ ಅಂಗೈಯ ಕೆಳಗೆ ಅರಳೆ ತಟ್ಟನೆ ‘ಕೂಡಿಕೊಳ್ಳುವ’ ಆ ಕ್ಷಣ ಎಷ್ಟೋ ಜನರಿಗೆ ಪರಿಚಿತ. ಅದರ ಹಿಂದೆ ಇಷ್ಟು ಆಳವಾದ ವಿಚಾರವಿದೆ ಎಂದು ತಿಳಿದಾಗ ನನಗೆ ಆದ ಸಂತೋಷ ದೊಡ್ಡದು.

ಹೊಲಿಗೆ ಬಿಚ್ಚಿಹೋಗದಿರುವುದಕ್ಕೂ ಘರ್ಷಣೆಯೇ ಕಾರಣ. ದಾರ ಒಂದು ವಸ್ತುವನ್ನು ಸುತ್ತಿಕೊಂಡಾಗ ಅದರ ಒಂದು ತುದಿಯ ಎಳೆತ ಇನ್ನೊಂದು ತುದಿಗೆ ಎಷ್ಟು ತಲುಪುತ್ತದೆ ಎಂಬುದಕ್ಕೆ 18ನೇ ಶತಮಾನದ ಗಣಿತಜ್ಞ ಲೆಯೊನಾರ್ಡ್ ಆಯ್ಲರನ ಸೂತ್ರವಿದೆ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಪೂರ್ಣ ಸುತ್ತಿನಲ್ಲಿ ಎಳೆತ ಆರೂವರೆ ಪಟ್ಟು ಕುಗ್ಗುತ್ತದೆ, ಎರಡರಲ್ಲಿ ನಲವತ್ತು ಪಟ್ಟಿಗೂ ಮೀರಿ, ಮೂರರಲ್ಲಿ ಇನ್ನೂರೆಂಬತ್ತು ಪಟ್ಟಿನ ಆಸುಪಾಸು. ಕೌದಿಯ ದಾರ ಪ್ರತಿ ಹೊಲಿಗೆಯಲ್ಲೂ ಬಟ್ಟೆಯೊಳಗೆ ಬಾಗಿ ಮುಳುಗಿ ಏಳುವುದರಿಂದ ನಡುವೆ ಎಲ್ಲೋ ಒಂದು ಕಡೆ ದಾರ ಹರಿದರೂ ಅಕ್ಕಪಕ್ಕದ ಕೆಲವು ಹೊಲಿಗೆಗಳು ಸಡಿಲವಾಗಿ, ಅಲ್ಲಿಗೆ ನಿಲ್ಲುತ್ತದೆ. ಅಕ್ಕಿಮೂಟೆಯ ಬಾಯಿಗೆ ಹಾಕುವ ಸರಪಳಿ ಹೊಲಿಗೆ ಹಾಗಲ್ಲ. ಅದರಲ್ಲಿ ಪ್ರತಿ ಕುಣಿಕೆಯನ್ನು ಮುಂದಿನ ಕುಣಿಕೆ ಮಾತ್ರ ಹಿಡಿದಿರುವುದರಿಂದ ಸರಿಯಾದ ತುದಿಯನ್ನು ಎಳೆದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಮನೆಯ ಹೊಲಿಗೆ ಯಂತ್ರದಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವಿನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲೂ ಈ ವಿಧಾನವೇ ಇತ್ತು. ಸೂಜಿಯ ಕಣ್ಣನ್ನು ಹಿಂತುದಿಯಿಂದ ಮೊನೆಯ ಹತ್ತಿರಕ್ಕೆ ತಂದದ್ದು ಇದಕ್ಕೆ ಬೇಕಾದ ದೊಡ್ಡ ಹೆಜ್ಜೆ.

ಗಂಟೇ ಇಲ್ಲದೆ ನಿಲ್ಲುವ ಹೊಲಿಗೆಯ ಅತ್ಯುತ್ತಮ ಮಾದರಿ ಧಾರವಾಡದ ಕಸೂತಿ. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ತುಳಸಿ ವೃಂದಾವನ, ಆನೆ ಅಂಬಾರಿಗಳನ್ನು ಬಿಡಿಸುವವರು ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಇಡುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದು ವಿಶೇಷ. ಹೋಗುವಾಗ ಒಂದು ಮನೆ (ಒಂದು ಹೊಲಿಗೆಯಷ್ಟು ಜಾಗ) ಮೇಲೆ, ಒಂದು ಮನೆ ಕೆಳಗೆ ಎಂದು ಖಾಲಿ ಬಿಡುತ್ತ ಹೋಗಿ, ಬರುವಾಗ ಖಾಲಿ ಬಿಟ್ಟ ಮನೆಗಳನ್ನು ತುಂಬುತ್ತ ಬಂದರೆ ಗೆರೆ ಪೂರ್ತಿಯಾಗುತ್ತದೆ, ಮತ್ತು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ತಾರ ಕಾಣುತ್ತದೆ. ಕವಲೊಡೆದ, ಮೂಲೆ ತಿರುಗಿದ, ಒಳಗೊಳಗೇ ಸುತ್ತಿಕೊಂಡ ಚಿತ್ತಾರವೊಂದನ್ನು ದಾರ ಕತ್ತರಿಸದೆ ಮುಗಿಸಿ ಹೊರಟ ರಂಧ್ರಕ್ಕೇ ಮರಳಲು ಯಾವಾಗಲೂ ಸಾಧ್ಯವೇ?

ಇದಕ್ಕೆ ಉತ್ತರ ಕೊಡಲೂ ಆಯ್ಲರನೇ ಬೇಕು. 1736ರಲ್ಲಿ ಆತ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಮ್ಮೆ ಮಾತ್ರ ದಾಟುವ ನಡಿಗೆ ಇಲ್ಲವೆಂದು ತೋರಿಸಿದನು. ಪ್ರತಿ ದಾರಿಯಲ್ಲೂ ಒಮ್ಮೆ ಮಾತ್ರ ನಡೆದು ಹೊರಟಲ್ಲಿಗೆ ಮರಳಬೇಕಾದರೆ ಪ್ರತಿ ಕೂಡುಸ್ಥಳದಲ್ಲೂ ಸೇರುವ ದಾರಿಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕು. ಗವಂತಿಯಲ್ಲಿ ಪ್ರತಿಯೊಂದು ಗೆರೆಯ ಮೇಲೆ ದಾರ ಎರಡು ಸಲ ಸಾಗುತ್ತದೆ, ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ. ಆದ್ದರಿಂದ ಒಂದು ರಂಧ್ರದಲ್ಲಿ ಮೂರು ಗೆರೆ ಸೇರಿದರೆ ಆರು ದಾರಿ, ಐದು ಸೇರಿದರೆ ಹತ್ತು ದಾರಿ. ಬೆಸಸಂಖ್ಯೆಯ ತೊಡಕೇ ಹುಟ್ಟುವುದಿಲ್ಲ. ಮೇಲೆ-ಕೆಳಗೆ ಎಂಬ ಸರದಿಯೂ ತಪ್ಪುವುದಿಲ್ಲ. ಕವಲು ಬಂದಾಗ ಮೊದಲು ಕವಲಿನ ತುದಿ ಮುಟ್ಟಿ, ಅದನ್ನು ತುಂಬುತ್ತ ಹಿಂದಿರುಗಿ, ಆಮೇಲೆ ಮುಂದಿನ ದಾರಿ ಹಿಡಿದರೆ ಸಾಕು: ಕವಲಿನ ಮೊದಲ ಮನೆಯನ್ನು ಕೆಳಗಿನಿಂದ ದಾಟಿದ್ದರೆ ಹಿಂದಿರುಗುವಾಗ ಅದೇ ಮನೆ ಮೇಲಿನಿಂದ ತುಂಬುತ್ತದೆ, ದಾರ ಮತ್ತೆ ಸರಿಯಾದ ಸರದಿಯಲ್ಲೇ ಕವಲಿನ ಬಾಯಿಗೆ ಬಂದು ನಿಲ್ಲುತ್ತದೆ. ಸುತ್ತು ಕೂಡಿಕೊಳ್ಳುವ ಚಿತ್ತಾರದಲ್ಲಿ ಕೂಡುವ ಕೊನೆಯ ಮನೆಯನ್ನೂ ಹೀಗೆಯೇ ಒಂದು ಕವಲೆಂದು ಎಣಿಸಬಹುದು. ಎಲ್ಲೂ ತುಂಡಾಗದ ಯಾವ ಚಿತ್ತಾರವನ್ನೇ ಆದರೂ, ದಾರ ಸಾಕಷ್ಟಿದ್ದರೆ, ಗವಂತಿಯಲ್ಲಿ ಒಂದೇ ಓಟದಲ್ಲಿ ಮುಗಿಸಬಹುದು ಎಂಬುದು ಹೀಗೆ ಸಿದ್ಧವಾಗುತ್ತದೆ. ಕಸೂತಿ ಹಾಕುವ ಹೆಂಗಸರು ಈ ಪ್ರಮೇಯವನ್ನು ಕಾಗದದ ಮೇಲೆ ಬರೆಯದಿದ್ದರೂ ದಿನವೂ ಸಾಧಿಸಿ ತೋರಿಸುತ್ತಾರೆ. ಶಾಲೆಯ ಗಣಿತದ ತರಗತಿಯಲ್ಲಿ ಎಣಿಸಬಲ್ಲ ನೇಯ್ಗೆಯ ಒಂದು ಬಟ್ಟೆಯನ್ನೂ ಸೂಜಿಯನ್ನೂ ಕೊಟ್ಟು ಇದನ್ನು ಕಲಿಸಿದರೆ ಮಕ್ಕಳು ಮರೆಯಲಾರರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗೆ ಅದರದೇ ಆದ ಕ್ರಮವಿದೆ. ಅವರು ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ, ತುಂಡುಗಳ ಅಂಚನ್ನು ಮಡಚಿ ಸೇರಿಸುತ್ತ ನಡುವಿಗೆ ಬರುತ್ತಾರೆ; ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ವನ್ನು ಕೂರಿಸುತ್ತಾರೆ. ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿ ಒಂದು ಹಾಳೆ ಮಾಡಿಕೊಳ್ಳುವ ಪದ್ಧತಿ ಇಲ್ಲಿಲ್ಲ; ಜೋಡಣೆಯೂ ಪದರು ಕಟ್ಟುವುದೂ ಒಂದೇ ಹೊಲಿಗೆಯಲ್ಲಿ ನಡೆಯುತ್ತವೆ. ಇದರಿಂದ ಒಂದು ದೊಡ್ಡ ಅನುಕೂಲವಿದೆ. ನೇಯ್ದ ಬಟ್ಟೆ ಹಾಸಿನ ಉದ್ದಕ್ಕೂ ಹೊಕ್ಕಿನ ಉದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ, ಆದರೆ ಓರೆಯಾಗಿ ಎಳೆದರೆ ಎಳೆಗಳ ನಡುವಿನ ಚೌಕಗಳು ವಜ್ರಾಕೃತಿಗೆ ವಾಲುವುದರಿಂದ ಧಾರಾಳವಾಗಿ ಹಿಗ್ಗುತ್ತದೆ. ದರ್ಜಿಗಳು ಕುತ್ತಿಗೆಯ ಪೈಪಿಂಗಿಗೆ ಬಟ್ಟೆಯನ್ನು ಕ್ರಾಸ್ ಆಗಿ ಕತ್ತರಿಸುವುದು ಈ ಹಿಗ್ಗಿನ ಸಲುವಾಗಿಯೇ. ಅಡ್ಡಾದಿಡ್ಡಿ ಕತ್ತರಿಸಿದ ಚಿಂದಿಗಳಲ್ಲಿ ಓರೆಯ ಅಂಚುಗಳು ತುಂಬಿರುತ್ತವೆ; ಅವನ್ನು ಬರಿದೆ ಒಂದಕ್ಕೊಂದು ಸೇರಿಸಿದರೆ ಹಾಳೆ ಎತ್ತೆತ್ತಲೋ ಜಗ್ಗುತ್ತದೆ. ಪ್ರತಿ ಚಿಂದಿಯನ್ನೂ ಕೆಳಗಿನ ಇಡೀ ಸೀರೆಗೆ ನೇರವಾಗಿ ಕಟ್ಟಿಹಾಕಿದಾಗ ಆ ಸೀರೆಯ ಹಾಸು ಹೊಕ್ಕು ಎಲ್ಲವನ್ನೂ ಹದ್ದಿನಲ್ಲಿಡುತ್ತವೆ.

ಕೌದಿಯ ನಿಜವಾದ ಪರೀಕ್ಷೆ ನಡೆಯುವುದು ಒಗೆಯುವಾಗ. ಮಹಾನವಮಿಗೆ ಮೊದಲು ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಒಯ್ದು ಒಗೆಯುವ ರೂಢಿಯಿದೆ. ನೆನೆದ ಕೌದಿ ಒಬ್ಬರಿಂದ ಎತ್ತಲಾಗದಷ್ಟು ಭಾರವಾಗುತ್ತದೆ. ಅದನ್ನು ಕಲ್ಲಿನ ಮೇಲೆ ಬಡಿಯುತ್ತಾರೆ, ಇಬ್ಬರು ಎರಡು ಕಡೆ ಹಿಡಿದು ಹಿಂಡುತ್ತಾರೆ. ರೇಯಾನ್ ಆಗಿದ್ದರೆ ತೇವದಲ್ಲಿ ತನ್ನ ಬಲದ ಗಣನೀಯ ಭಾಗವನ್ನು ಕಳೆದುಕೊಂಡು ಅಲ್ಲೇ ಹರಿಯುತ್ತಿತ್ತು. ಹತ್ತಿಯ ನಾರು ಹಾಗಲ್ಲ, ಒದ್ದೆಯಾದಾಗ ಅದರ ಬಲ ಶೇಕಡಾ 10ರಿಂದ 20ರಷ್ಟು ಹೆಚ್ಚುತ್ತದೆ. ಒಳಸೇರಿದ ನೀರು ಎಳೆತವನ್ನು ನಾರಿನ ತುಂಬ ಸಮನಾಗಿ ಹಂಚುತ್ತದೆ. ಮೇಲ್ಪದರು ಹರಿದಿದ್ದರೆ ಒಣಗಿದ ಮೇಲೆ ಅಲ್ಲಿಗೆ ಇನ್ನೊಂದು ಹಳೆಯ ಸೀರೆಯ ತುಂಡನ್ನಿಟ್ಟು ಹೊಲಿಯುತ್ತಾರೆ. ಹೀಗೆ ವರ್ಷದಿಂದ ವರ್ಷಕ್ಕೆ ತೇಪೆ ಕೂಡುತ್ತ ಹೋದ ಕೌದಿಯ ದಪ್ಪವೂ ಅದರೊಳಗಿನ ಗಾಳಿಯೂ ಹೆಚ್ಚುತ್ತ ಹೋಗುತ್ತವೆ.