ಪಕ್ಕೆಲುಬು ಅಗಲಿಸದೆ ಎದೆಯೊಳಗೆ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿ ರೈಲು ಹತ್ತಿ ದಾದರಿನಲ್ಲಿ ಇಳಿದು ಪರೇಲಿನ ಆಸ್ಪತ್ರೆಗಳಿಗೆ ಬರುವವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತದೆ: “ಏನೂ ಹೆದರಬ್ಯಾಡ್ರಿ ಕಾಕಾ, ದುರ್ಬೀನಿಲೆ ಮಾಡ್ತಾರಂತ. ಸಣ್ಣ ತೂತು, ಸಣ್ಣ ಆಪರೇಷನ್.” ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಮುಂಬಯಿಯ ಮರಾಠಿಯವರು, ಹಿಂದಿಯವರು ದುರ್ಬೀನಿನ ಆಪರೇಷನ್ ಎನ್ನುತ್ತಾರೆ, ಮಾಟುಂಗಾ, ಡೊಂಬಿವಿಲಿಯ ನಮ್ಮವರಿಗೂ ಅದೇ ರೂಢಿಯಾಗಿದೆ. ತೂತು ಸಣ್ಣದೆಂಬುದು ನಿಜ. ಆದರೆ ಒಳಗೆ ಕತ್ತರಿಸಿ ತೆಗೆಯುವುದು ಅದೇ ಶ್ವಾಸಕೋಶದ ಹಾಲೆ, ಅದೇ ಅನ್ನನಾಳ. ಅಪಾಯಗಳೂ ಬಹುಪಾಲು ಅವೇ. ಕಡಿಮೆಯಾಗಿರುವುದು ಒಳಹೋಗುವ ದಾರಿಯಲ್ಲಿ ಬೀಳುವ ಪೆಟ್ಟು. ಎದೆಯ ಮಟ್ಟಿಗೆ ಆ ಪೆಟ್ಟು ತುಂಬ ದೊಡ್ಡದು. ಅದಕ್ಕೆ ಕಾರಣ ಪಕ್ಕೆಲುಬು.

ಹೊಟ್ಟೆಯ ಗೋಡೆ ಮೆತ್ತನೆಯದು, ಕೊಯ್ದರೆ ಬಾಯಿಬಿಡುತ್ತದೆ. ಎದೆಯೋ ಹನ್ನೆರಡು ಜೊತೆ ಎಲುಬುಗಳ ಗೂಡು. ಕೈ ಒಳಗೆ ಹೋಗಬೇಕಾದರೆ ಬೆನ್ನಿನಿಂದ ಮುಂದಕ್ಕೆ 15–20 ಸೆಂ.ಮೀ. ಕೊಯ್ದು, ಸ್ನಾಯು ಸೀಳಿ, ಎರಡು ಪಕ್ಕೆಲುಬುಗಳ ನಡುವೆ ಉಕ್ಕಿನ ಸ್ಪ್ರೆಡರ್ ಇಟ್ಟು ಹಿಡಿ ತಿರುಗಿಸುತ್ತ ಅಗಲಿಸಬೇಕು, ಲಾರಿಗೆ ಜಾಕ್ ಕೊಟ್ಟ ಹಾಗೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನ ತೋಡಿನಲ್ಲಿ ರಕ್ತನಾಳಗಳ ಜೊತೆಗೆ ಒಂದು ನರ ಸಾಗುತ್ತದೆ. ಸ್ಪ್ರೆಡರಿನ ಉಕ್ಕು ಗಂಟೆಗಟ್ಟಲೆ ಆ ನರವನ್ನು ಒತ್ತಿ ಹಿಡಿದಿರುತ್ತದೆ. ಕೆಲವೊಮ್ಮೆ ಎಲುಬೇ ಬಿರಿಯುತ್ತದೆ. ಮುರಿದ ಕಾಲಿಗಾದರೆ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಡಬಹುದು. ಪಕ್ಕೆಗೆ ಆ ಭಾಗ್ಯವಿಲ್ಲ: ನಿಮಿಷಕ್ಕೆ ಸುಮಾರು 15 ಉಸಿರಿನಂತೆ ದಿನಕ್ಕೆ 20,000 ಸಲಕ್ಕೂ ಮಿಕ್ಕಿ ಅದು ಅಲುಗುತ್ತದೆ. ನೋವಿಗೆ ಹೆದರಿ ರೋಗಿ ಮೇಲುಮೇಲಕ್ಕೆ ಉಸಿರಾಡುತ್ತಾನೆ, ಕೆಮ್ಮುವುದಿಲ್ಲ. ಕಫ ಒಳಗೇ ನಿಂತು ಶ್ವಾಸಕೋಶದ ತಳಭಾಗ ಮುದುಡಿಕೊಳ್ಳುತ್ತದೆ, ಅಲ್ಲಿ ನ್ಯುಮೋನಿಯಾ ಹಿಡಿಯುತ್ತದೆ. ಆಪರೇಷನ್ ಚೆನ್ನಾಗಿ ನಡೆದಿದ್ದರೂ ರೋಗಿ ಸೋಲುವುದು ಹೀಗೆ.

ತೂತಿನಿಂದ ಎದೆಯೊಳಗೆ ಇಣುಕುವ ಯೋಚನೆ ಹೊಸದಲ್ಲ. ಸ್ಟಾಕ್‌ಹೋಮಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬಿಯಸ್ 1910ರಲ್ಲೇ ಮೂತ್ರಕೋಶ ನೋಡುವ ನಳಿಗೆಯನ್ನು ಎದೆಗೆ ತೂರಿಸಿ ನೋಡಿದ್ದರು. ಆಗ ಟಿಬಿಗೆ ಔಷಧಿ ಇರಲಿಲ್ಲ. ಎದೆಗೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸಿ ‘ವಿಶ್ರಾಂತಿ’ ಕೊಡುತ್ತಿದ್ದರು. ಗೋಡೆಗೆ ಅಂಟಿಕೊಂಡ ಶ್ವಾಸಕೋಶ ಕುಗ್ಗುತ್ತಿರಲಿಲ್ಲ, ಆ ಅಂಟನ್ನು ಬಿಡಿಸಲು ಈ ನಳಿಗೆ. 1940ರ ದಶಕದಲ್ಲಿ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಬಂದ ಮೇಲೆ ಅದರ ಅಗತ್ಯ ಕುಸಿಯಿತು. ವಿಡಿಯೊ ಕ್ಯಾಮೆರಾ ಸಣ್ಣದಾಗಿ ನಳಿಗೆಯ ತುದಿಗೆ ಜೋಡಿದ ಮೇಲೆ ಮತ್ತೆ ಜೀವ ಬಂತು. ನಮ್ಮ ದೇಶದಲ್ಲಿ ಇಂಥ ದುರ್ಬೀನಿನ ಆಪರೇಷನ್ ಹೊಟ್ಟೆಯಿಂದ ಶುರುವಾದದ್ದು, ಅದೂ ಮುಂಬಯಿಯಲ್ಲೇ: ಜೆ.ಜೆ. ಆಸ್ಪತ್ರೆಯಲ್ಲಿ 1990ರಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ ಹೊಟ್ಟೆಗೆ ತೂರಿಸುವ ದುರ್ಬೀನು, ಅಂದರೆ ಲ್ಯಾಪರೊಸ್ಕೋಪಿನಿಂದ ಪಿತ್ತಕೋಶ ತೆಗೆದರು.

ಹೊಟ್ಟೆಯ ಲ್ಯಾಪರೊಸ್ಕೋಪಿಯಲ್ಲಿ ಜಾಗ ಮಾಡಲು ಇಂಗಾಲದ ಡೈಆಕ್ಸೈಡ್ ತುಂಬಬೇಕು, 12–15 ಮಿ.ಮೀ. ಪಾದರಸದ ಒತ್ತಡದಲ್ಲಿ. ಎದೆಯಲ್ಲಿ ಪಕ್ಕೆಲುಬೇ ಚಪ್ಪರದ ಕಂಬದಂತೆ ನಿಂತಿರುತ್ತದೆ, ಸಾಮಾನ್ಯವಾಗಿ ಗಾಳಿ ಬೇಡ. ಆದರೆ ಆ ಬದಿಯ ಶ್ವಾಸಕೋಶ ಕುಗ್ಗಿರಬೇಕು. ಅದಕ್ಕೆ ಅರಿವಳಿಕೆ ವೈದ್ಯರು ಎರಡು ಕೊಳವೆ ಒಂದಕ್ಕೊಂದು ಅಂಟಿದಂಥ ಜೋಡಿ ನಳಿಗೆಯನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಒಂದರಿಂದ ಬಲ, ಇನ್ನೊಂದರಿಂದ ಎಡ ಶ್ವಾಸಕೋಶಕ್ಕೆ ಗಾಳಿ; ಕುಗ್ಗಬೇಕಾದ ಬದಿಗೆ ಗಾಳಿ ನಿಲ್ಲಿಸುತ್ತಾರೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸುವಾಗ ಈ ನಳಿಗೆ ಒಂದು ಸೆಂ.ಮೀ. ಜರುಗಿದರೂ ಕೆಲಸ ಕೆಟ್ಟಿತು: ಕುಗ್ಗಬೇಕಾದ ಶ್ವಾಸಕೋಶ ಉಬ್ಬಿ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ. ಹಾಗಾಗಿ ತಿರುಗಿಸಿದ ಮೇಲೆ ಶ್ವಾಸನಾಳದೊಳಗೆ ನೋಡುವ ಸಪೂರ ಬ್ರಾಂಕೊಸ್ಕೋಪ್ ಇಳಿಸಿ ಮತ್ತೊಮ್ಮೆ ನೋಡಲೇಬೇಕು. ಈ ಐದು ನಿಮಿಷ ಉಳಿಸಲು ಹೋದರೆ ಮುಂದೆ ಒಂದು ಗಂಟೆ ಕಳೆದುಕೊಳ್ಳಬೇಕಾದೀತು.

ಏಳು ಅಥವಾ ಎಂಟನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ 10 ಮಿ.ಮೀ. ತೂತು, ಅಲ್ಲಿಂದ ಕ್ಯಾಮೆರಾ. ಅದರ ಗಾಜು ನೇರ ನೋಡುವುದಿಲ್ಲ, 30 ಡಿಗ್ರಿ ಓರೆ; ತಿರುಗಿಸಿದರೆ ಮೂಲೆಯ ಹಿಂದೂ ಕಾಣುತ್ತದೆ. ಮುಂದುಗಡೆ ನಾಲ್ಕು ಅಥವಾ ಐದನೆಯ ಸಂದಿಯಲ್ಲಿ 3–4 ಸೆಂ.ಮೀ. ಗಾಯ. ಅಲ್ಲಿಯೇ ಯಾಕೆಂದರೆ ಪಕ್ಕೆಲುಬುಗಳ ನಡುವಿನ ಸಂದಿ ಬೆನ್ನಿಗಿಂತ ಮುಂದೆ ಅಗಲ. ಪ್ರತಿ ತೂತನ್ನೂ ಕೆಳಗಿನ ಎಲುಬಿನ ಮೇಲಂಚಿಗೆ ಒತ್ತಿಯೇ ಮಾಡಬೇಕು. ಮೇಲಿನ ಎಲುಬಿನ ಕೆಳಗೆ ನರ ಇದೆಯಲ್ಲ. ಸ್ಪ್ರೆಡರ್ ಇಲ್ಲಿ ಬರುವುದೇ ಇಲ್ಲ. ಸಣ್ಣ ಗಾಯ ಮಾಡಿ ಅದರಲ್ಲೂ ಸ್ಪ್ರೆಡರ್ ತುರುಕಿದರೆ ಹೊರಗೆ ಕಲೆ ಚಿಕ್ಕದು, ಒಳಗೆ ನೋವು ಹಳೆಯದೇ.

ಕ್ಯಾನ್ಸರಿಗೆ ಹಾಲೆ ತೆಗೆಯುವುದೆಂದರೆ ಮೂರು ಬಗೆಯ ಕೊಳವೆಗಳನ್ನು ಬಿಡಿಸಿ ಮುಚ್ಚಿ ಕತ್ತರಿಸುವುದು: ಅಭಿಧಮನಿ, ಅಪಧಮನಿ, ಶ್ವಾಸನಾಳದ ಕವಲು. ಸ್ಟೇಪ್ಲರ್ ಎಂಬ ಉಪಕರಣ ಎರಡೂ ಪಕ್ಕ ಮೂರು ಮೂರು ಸಾಲು ಟೈಟಾನಿಯಂ ಪಿನ್ನು ಹೊಡೆದು ನಡುವೆ ಚಾಕು ಎಳೆಯುತ್ತದೆ. ಪಿನ್ನಿನ ಎತ್ತರ ಸರಿಯಾಗಿ ಆರಿಸಬೇಕು. ಎತ್ತರದ ಪಿನ್ನು ತೆಳು ರಕ್ತನಾಳಕ್ಕೆ ಹೊಡೆದರೆ ಸಡಿಲಾಗಿ ರಕ್ತ ಜಿನುಗುತ್ತದೆ. ಗಿಡ್ಡ ಪಿನ್ನು ದಪ್ಪ ಶ್ವಾಸನಾಳಕ್ಕೆ ಹೊಡೆದರೆ ಆಚೆಗೆ ತಲುಪುವುದೇ ಇಲ್ಲ. ಇಲ್ಲಿ ನಿಜವಾದ ಭಯ ಶ್ವಾಸಕೋಶದ ಅಪಧಮನಿಯದು. ಅದರ ಗೋಡೆ ತೀರಾ ತೆಳು, ಎಳೆದರೆ ಹರಿಯುತ್ತದೆ. ಹರಿದಾಗ ಮೊದಲು ಮಾಡಬೇಕಾದ್ದು ಹತ್ತಿಬಟ್ಟೆಯ ಉಂಡೆಯಿಂದ ಒತ್ತಿ ಹಿಡಿದು ಸುಮ್ಮನಿರುವುದು. ಕುರುಡಾಗಿ ಕ್ಲಿಪ್ ಹಾಕಲು ಹೋದರೆ ಸೀಳು ದೊಡ್ಡದಾಗುತ್ತದೆ. ನಿಲ್ಲದಿದ್ದರೆ ಎದೆ ತೆರೆಯಬೇಕು, ಹಾಗೆ ತೆರೆಯುವುದು ಸೋಲಲ್ಲ. ‘ದುರ್ಬೀನಿಂದ ಆಗಲಿಲ್ಲ’ ಎಂದು ಮನೆಯವರು ನೊಂದುಕೊಳ್ಳುವುದುಂಟು. ಸಕಾಲಕ್ಕೆ ತೆರೆದ ವೈದ್ಯರು ಒಂದು ಜೀವ ಉಳಿಸಿರುತ್ತಾರೆ.

ತೆಗೆದ ಹಾಲೆಯನ್ನು ಚೀಲದೊಳಗೆ ಹಾಕಿಯೇ ಹೊರಗೆಳೆಯುತ್ತಾರೆ, ಕ್ಯಾನ್ಸರಿನ ಕಣಗಳು ಗಾಯಕ್ಕೆ ತಾಗದಿರಲೆಂದು. ಕೊನೆಗೆ ಎದೆಗೆ ಬೆಚ್ಚಗಿನ ಸಲೈನ್ ತುಂಬಿ ಉಳಿದ ಶ್ವಾಸಕೋಶಕ್ಕೆ ನಿಧಾನವಾಗಿ ಗಾಳಿ ಕೊಟ್ಟು ಗುಳ್ಳೆ ಏಳುವುದೆಲ್ಲಿ ಎಂದು ನೋಡುತ್ತಾರೆ. ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವ ಕ್ರಮವೇ ಇದು.

ನಮ್ಮ ದೇಶದಲ್ಲಿ ಈ ವಿಧಾನಕ್ಕೆ ಕ್ಯಾನ್ಸರಿನಷ್ಟೇ ದೊಡ್ಡ ಕೆಲಸ ಎದೆಯ ಕೀವಿನಲ್ಲಿದೆ. ಟಿಬಿ ಅಥವಾ ನ್ಯುಮೋನಿಯಾದ ನಂತರ ಶ್ವಾಸಕೋಶದ ಸುತ್ತ ನೀರು ಸೇರುತ್ತದೆ. ಮೊದಮೊದಲು ತೆಳು, ನಳಿಗೆ ಹಾಕಿದರೆ ಹರಿದುಹೋಗುತ್ತದೆ. ಆಮೇಲೆ ಜೇಡರ ಬಲೆಯಂಥ ಪೊರೆಗಳು ಕಟ್ಟಿ ಕೀವು ಕೋಣೆಕೋಣೆಯಾಗಿ ನಿಲ್ಲುತ್ತದೆ. ನಳಿಗೆ ಒಂದು ಕೋಣೆಯನ್ನಷ್ಟೇ ಖಾಲಿ ಮಾಡುತ್ತದೆ. ದುರ್ಬೀನಿಗೆ ಹೇಳಿಸಿದ ಹೊತ್ತು ಇದು: ಬಲೆ ಹರಿದು, ಕೀವು ತೊಳೆದು, ಶ್ವಾಸಕೋಶದ ಮೇಲಿನ ಕೆನೆಯಂಥ ಪದರ ಎತ್ತಿದರೆ ಅದು ಕಣ್ಣೆದುರೇ ಅರಳುತ್ತದೆ. ಇನ್ನೂ ಕೆಲವು ವಾರ ಬಿಟ್ಟರೆ ಕೆನೆ ಹೋಗಿ ತೊಗಲಿನಂಥ ಸಿಪ್ಪೆಯಾಗುತ್ತದೆ. ಆಗ ಪಕ್ಕೆಲುಬುಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ, ಬಹಳಷ್ಟು ಸಲ ಎದೆ ತೆರೆಯದೆ ಗತಿಯಿಲ್ಲ. ತಿಂಗಳುಗಟ್ಟಲೆ ನಳಿಗೆ ಹೊತ್ತುಕೊಂಡು ತಡವಾಗಿ ಬರುವ ಎಳೆಯ ರೋಗಿಗಳನ್ನು ನೋಡಿದರೆ ಸಂಕಟವಾಗುತ್ತದೆ. ನಳಿಗೆ ಹಾಕಿ ನಾಲ್ಕೈದು ದಿನವಾದರೂ ಜ್ವರ ಇಳಿಯದಿದ್ದರೆ, ಸ್ಕ್ಯಾನಿನಲ್ಲಿ ಕೀವು ಹಾಗೆಯೇ ಇದ್ದರೆ, ಎದೆಯ ಸರ್ಜನ್‌ಗೆ ತೋರಿಸಲು ಕೇಳಿ. ಕಾರಣ ಟಿಬಿಯಾಗಿದ್ದರೆ ಆಪರೇಷನ್ ಆಯಿತೆಂದು ಮಾತ್ರೆ ನಿಲ್ಲಿಸುವಂತಿಲ್ಲ.

ಅನ್ನನಾಳದ ಕಥೆ ಬೇರೆ. ಸುಮಾರು 25 ಸೆಂ.ಮೀ. ಉದ್ದದ ಈ ಕೊಳವೆ ಶ್ವಾಸನಾಳ, ಮಹಾಪಧಮನಿ, ಹೃದಯದ ಚೀಲ ಇವುಗಳಿಗೆ ತಾಗಿಕೊಂಡೇ ಇಳಿಯುತ್ತದೆ. ಕರುಳಿಗಿರುವ ಹೊರಪೊರೆ ಇದಕ್ಕಿಲ್ಲ, ಆದ್ದರಿಂದ ಹೊಲಿಗೆ ಹಿಡಿಯುವುದು ಕಷ್ಟ. ಅಕಲೇಸಿಯಾ ಎಂಬ ರೋಗದಲ್ಲಿ ಇದರ ತುದಿಯ ಕವಾಟ ಸಡಿಲುವುದಿಲ್ಲ. ರೊಟ್ಟಿಯಷ್ಟೇ ಅಲ್ಲ, ನೀರೂ ಎದೆಯಲ್ಲಿ ನಿಲ್ಲುತ್ತದೆ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ತೋರಿಸಿದ ಉಪಾಯವನ್ನೇ ಈಗ ಹೊಟ್ಟೆಯ ಐದು ತೂತುಗಳಿಂದ ಮಾಡುತ್ತಾರೆ: ಅನ್ನನಾಳದ ಮೇಲೆ ಸುಮಾರು 6 ಸೆಂ.ಮೀ., ಜಠರದ ಮೇಲೆ 2–3 ಸೆಂ.ಮೀ. ಸ್ನಾಯುವನ್ನಷ್ಟೇ ಸೀಳುವುದು. ಒಳಪೊರೆ ಮುತ್ತಿನ ಬಣ್ಣದಲ್ಲಿ ಉಬ್ಬಿ ಕಂಡರೆ ಸೀಳು ಸರಿಯಾಗಿದೆ. ಜಠರದ ಭಾಗಕ್ಕೆ ಬಂದಾಗ ಪದರಗಳು ಅಂಟಿಕೊಂಡಿರುತ್ತವೆ, ಒಳಪೊರೆ ತೂತಾಗುವುದು ಹೆಚ್ಚಾಗಿ ಅಲ್ಲೇ. ಕಂಡ ಕೂಡಲೇ ಹೊಲಿದರೆ ತೊಂದರೆಯಿಲ್ಲ. ಕಾಣದೆ ಹೋದರೆ ಹೊಟ್ಟೆಗೆ, ಎದೆಗೆ ಸೋಂಕು. ಜಪಾನಿನ ಹರುಹಿರೊ ಇನೊಯೆ 2008ರಿಂದ ಇದನ್ನು ಬಾಯಿಂದ ಇಳಿಸಿದ ಎಂಡೊಸ್ಕೋಪಿನಲ್ಲೇ ಮಾಡಿ ತೋರಿಸಿದರು, ಚರ್ಮಕ್ಕೆ ಒಂದು ತೂತೂ ಇಲ್ಲ. ಆದರೆ ಹುಳಿ ಮೇಲೇರದಂತೆ ಜಠರವನ್ನು ಅರ್ಧ ಸುತ್ತಿ ಹೊಲಿಯುವ ಕೆಲಸ ಅದರಲ್ಲಿಲ್ಲ, ಹಾಗಾಗಿ ಎದೆಯುರಿ ಹೆಚ್ಚು.

ಅನ್ನನಾಳದ ಕ್ಯಾನ್ಸರಿಗೆ ಕತ್ತು, ಎದೆ, ಹೊಟ್ಟೆ ಮೂರೂ ಕಡೆ ಕೆಲಸ. ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರ ತಂಡ 2006ರಲ್ಲಿ ರೋಗಿಯನ್ನು ಬೋರಲು ಮಲಗಿಸಿ ತೂತುಗಳಿಂದ ಅನ್ನನಾಳ ತೆಗೆದ 130 ಮಂದಿಯ ಅನುಭವ ಪ್ರಕಟಿಸಿತು. ಬೋರಲು ಮಲಗಿದಾಗ ಶ್ವಾಸಕೋಶ ತನ್ನ ಭಾರಕ್ಕೇ ಮುಂದೆ ಜಾರುತ್ತದೆ, ರಕ್ತವೂ ಅತ್ತ ಹರಿಯುತ್ತದೆ, ಅನ್ನನಾಳ ಬಯಲಿಗೆ ಬರುತ್ತದೆ. ಯುರೋಪಿನ 115 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ತುಲನೆ ನಮ್ಮ ಪಕ್ಕೆಲುಬಿನ ಮಾತಿಗೆ ಪುರಾವೆ: ಮೊದಲ ಎರಡು ವಾರದಲ್ಲಿ ಶ್ವಾಸಕೋಶದ ಸೋಂಕು ತೆರೆದ ವಿಧಾನದಲ್ಲಿ 29%, ತೂತಿನ ವಿಧಾನದಲ್ಲಿ 9%.

ತೆಗೆದ ಅನ್ನನಾಳದ ಜಾಗಕ್ಕೆ ಜಠರವನ್ನೇ 4–5 ಸೆಂ.ಮೀ. ಅಗಲದ ಕೊಳವೆಯಾಗಿ ಕತ್ತರಿಸಿ ಕತ್ತಿನವರೆಗೆ ಎಳೆಯುತ್ತಾರೆ. ಅದಕ್ಕೆ ರಕ್ತ ಬರುವುದು ಬಹುಮಟ್ಟಿಗೆ ಬಲಭಾಗದ ಒಂದೇ ಅಪಧಮನಿಯಿಂದ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಸಾಲದಂತೆ ಕೊಳವೆಯ ಮೇಲ್ತುದಿಗೆ ರಕ್ತ ಕಡಿಮೆ, ಜೋಡಣೆ ಮಾಡಬೇಕಾದ್ದೋ ಅದೇ ತುದಿಯಲ್ಲಿ. ಹೊಲಿಗೆ ಸೋರುವುದಕ್ಕೆ ಇದು ಮುಖ್ಯ ಕಾರಣ, ತೂತು ಸಣ್ಣದಾದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಧ್ವನಿಯ ನರ ಪಕ್ಕದಲ್ಲೇ ಇರುವುದರಿಂದ ದನಿ ಒಡೆಯಬಹುದು. ಆಹಾರ ಶುರುವಾದ ಮೇಲೆ ಎದೆಗೆ ಹಾಕಿದ ನಳಿಗೆಯಿಂದ ಹಾಲಿನಂಥ ದ್ರವ ಬಂದರೆ ಕೊಬ್ಬು ಸಾಗಿಸುವ ಎದೆಯ ದುಗ್ಧನಾಳಕ್ಕೆ ಏಟಾಗಿದೆ ಎಂದರ್ಥ.

ರೋಗಿಯ ಪಾಲಿನ ಕೆಲಸ ಆಪರೇಷನ್ನಿಗೆ ಮೊದಲೇ ಶುರು. ಬೀಡಿ, ಗುಟ್ಕಾ, ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿ ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಬೇಕು. ಉಸಿರಿನ ಕಸರತ್ತಿಗೆ ಮೂರು ಚೆಂಡಿನ ಸ್ಪೈರೊಮೀಟರ್ ಕೊಡುತ್ತಾರೆ. ಚೆಂಡುಗಳ ಮೇಲಿನ 600, 900, 1200 ಎಂಬ ಅಂಕೆ ಸೆಕೆಂಡಿಗೆ ಎಷ್ಟು ಮಿ.ಲೀ. ಗಾಳಿ ಎಂಬ ಲೆಕ್ಕ. ಹೆಚ್ಚಿನವರು ಇದಕ್ಕೆ ಊದುತ್ತಾರೆ. ಊದುವುದಲ್ಲ, ಎಳೆಯಬೇಕು. ಮೂರನ್ನೂ ಒಮ್ಮೆಲೆ ಹಾರಿಸುವುದಕ್ಕಿಂತ ಒಂದನ್ನು ಎತ್ತಿ ಮೂರು ಸೆಕೆಂಡು ನಿಲ್ಲಿಸುವುದು ಮೇಲು.

ಆಪರೇಷನ್ ಆದ ಮೇಲೆ ಎದೆಯ ನಳಿಗೆ. ಅದರ ತುದಿ ಬಾಟಲಿಯ ನೀರಿನಲ್ಲಿ 2 ಸೆಂ.ಮೀ. ಮುಳುಗಿರುತ್ತದೆ: ಎದೆಯ ಗಾಳಿ ಹೊರಬರಬಹುದು, ಹೊರಗಿನದು ಒಳಹೋಗದು. ಉಸಿರಿಗೆ ತಕ್ಕಂತೆ ನೀರು ಏರಿಳಿಯುತ್ತಿದ್ದರೆ ನಳಿಗೆ ತೆರೆದಿದೆ. ಶೌಚಕ್ಕೆ ಹೋಗುವಾಗ ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಬೇಡಿ, ನೀರು ಒಳಗೆ ಹರಿಯುತ್ತದೆ. ಗುಳ್ಳೆ ಬರುತ್ತಿರುವ ನಳಿಗೆಯನ್ನು ಮಡಚಿ ಕಟ್ಟುವುದು ಅದಕ್ಕಿಂತ ಅಪಾಯ, ಒಳಗೆ ಸಿಕ್ಕಿಬಿದ್ದ ಗಾಳಿ ಹೃದಯವನ್ನೇ ಒತ್ತುತ್ತದೆ.

ಅನ್ನನಾಳ ತೆಗೆಸಿಕೊಂಡವರು ಊಟವನ್ನು ಆರು ಸಣ್ಣ ಪಾಲು ಮಾಡಿಕೊಳ್ಳಬೇಕು. ಪಾಯಸ, ಸಕ್ಕರೆ ಸುರಿದ ಚಹಾ ಒಮ್ಮೆಲೆ ಇಳಿದರೆ ಬೆವರಿ ಎದೆ ಬಡಿದುಕೊಳ್ಳುತ್ತದೆ. ಜಠರದ ಬಾಯಿಗಿದ್ದ ಕವಾಟ ಈಗಿಲ್ಲವಾದ್ದರಿಂದ ಚಪ್ಪಟೆ ಮಲಗಿದರೆ ತಿಂದದ್ದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಜಾರುತ್ತದೆ. ಮನೆಯಲ್ಲಾದರೆ ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಡಬಹುದು. ದಾದರಿನಿಂದ ಊರಿಗೆ ಹೊರಟ ದಿನ ಗಾಡಿ ಹತ್ತುವುದಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ, ಲೋವರ್ ಬರ್ತಿನಲ್ಲಿ ಬ್ಯಾಗಿನ ಮೇಲೆ ದಿಂಬು ಒಟ್ಟಿ, ತಲೆಯೊಂದೇ ಅಲ್ಲ ಸೊಂಟದಿಂದಲೇ ಮೇಲೆದ್ದಂತೆ ಒರಗಿಕೊಂಡು ರಾತ್ರಿ ಕಳೆಯಬೇಕು.