ಕ್ಲಚ್ ನಟ್ ಮುಟ್ಟುವ ಮೊದಲು

“ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ. ಕ್ಲಚ್ ಸ್ವಲ್ಪ ಟೈಟ್ ಮಾಡಿಕೊಡಿ.” ಸಕಲೇಶಪುರದ ಕಡೆ ಗ್ಯಾರೇಜ್ ಇಟ್ಟುಕೊಂಡವರ ಕಿವಿಗೆ ಪದೇಪದೇ ಬೀಳುವ ಮಾತಿದು. ಟೈಟ್ ಮಾಡಿದರೆ ಆ ಕ್ಲಚ್ ಇನ್ನೂ ಬೇಗ ಸುಡುತ್ತದೆ. ಎಳೆಯದ ಗಾಡಿಯ ಕೇಬಲ್ ಬಿಗಿಯಾಗಿದ್ದರೆ ಮೊದಲು ಸಡಿಲ ಬಿಡಬೇಕು. ಇದನ್ನು ಗಿರಾಕಿಗೆ ಒಪ್ಪಿಸುವುದು ಗೇರ್ ಬಾಕ್ಸ್ ಇಳಿಸುವುದಕ್ಕಿಂತ ಕಷ್ಟದ ಕೆಲಸ.

ನಾನೀಗ ಹೇಳುತ್ತಿರುವುದು ಮಾರುತಿ 800, ಓಮ್ನಿ, ಆಲ್ಟೊದಂಥ ಕೇಬಲ್ ಕ್ಲಚ್ಚಿನ ಗಾಡಿಗಳ ಬಗ್ಗೆ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಚಕ್ರ ಮತ್ತು ಪ್ರೆಷರ್ ಪ್ಲೇಟ್ ನಡುವೆ, ಗೇರ್ ಬಾಕ್ಸಿಗೆ ಶಕ್ತಿ ದಾಟಿಸುವ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಅದನ್ನು ಒತ್ತಿ ಹಿಡಿದಿರುವುದು ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ನಡುವಿನ ಬೆರಳುಗಳನ್ನು ಒಳಕ್ಕೆ ನೂಕುತ್ತದೆ. ಸೀಸಾ ಹಲಗೆಯಂತೆ ಹೊರಗಿನ ಅಂಚು ಎದ್ದು ಹಿಡಿತ ಬಿಡುತ್ತದೆ. ಪ್ಲೇಟ್ ಸವೆದು ತೆಳುವಾದಾಗ ಆಗುವುದು ಇದರ ಉಲ್ಟಾ. ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆ ಸರಿಯುತ್ತದೆ, ಬೆರಳುಗಳು ಬೇರಿಂಗ್ ಕಡೆಗೆ ಏಳುತ್ತವೆ. ಹಾಗಾಗಿ ಪ್ಲೇಟ್ ಸವೆದಷ್ಟೂ ಪೆಡಲ್ಲಿನ ಫ್ರೀ ಪ್ಲೇ, ಅಂದರೆ ಗಟ್ಟಿ ಸಿಗುವ ಮೊದಲು ಅದು ಸುಮ್ಮನೆ ಇಳಿಯುವ ದೂರ, ಕಡಿಮೆಯಾಗುತ್ತದೆ, ಕ್ಲಚ್ ಹಿಡಿಯುವ ಜಾಗ ಮೇಲಕ್ಕೆ ಬರುತ್ತದೆ. ಫ್ರೀ ಪ್ಲೇ ಪೂರ್ತಿ ಹೋದರೆ ನೀವು ಕಾಲಿಡದಿದ್ದರೂ ಕ್ಲಚ್ ಅರ್ಧ ತುಳಿದಂತೆಯೇ. ಕೇಬಲ್ ಹಿಗ್ಗಿದರೆ ಮಾತ್ರ ಫ್ರೀ ಪ್ಲೇ ಹೆಚ್ಚುತ್ತದೆ. ಆಗ ಕ್ಲಚ್ ಹಿಡಿಯುವುದು ತೀರಾ ಕೆಳಗೆ, ಪೂರ್ತಿ ತುಳಿದರೂ ಗೇರ್ ಕಿರ್ ಎನ್ನುತ್ತದೆ. ಟೈಟ್ ಮಾಡಬೇಕಾದದ್ದು ಆ ಗಾಡಿಯನ್ನು.

ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದು ಸ್ಕೇಲ್ ಸಾಕು. ಎಂಜಿನ್ ಆಫ್ ಮಾಡಿ, ಪೆಡಲ್ಲನ್ನು ಕೈಯಲ್ಲೇ ಒತ್ತಿ. ಬೂಟುಗಾಲಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲು ಸಲೀಸಾಗಿ ಇಳಿದು, ಆಮೇಲೆ ಸ್ಪ್ರಿಂಗಿನ ಗಟ್ಟಿತನ ಸಿಗುತ್ತದೆ. ಆ ಸಲೀಸು ದೂರ ಇಂಥ ಸಣ್ಣ ಕಾರುಗಳಲ್ಲಿ ಸುಮಾರು 15ರಿಂದ 25 ಮಿಲಿಮೀಟರ್ ಇರಬೇಕು. ಗೇರ್ ಬಾಕ್ಸ್ ಬದಿಯಲ್ಲಿ ಕೇಬಲ್ ಸೇರುವ ಲಿವರನ್ನು ಬೆರಳಲ್ಲಿ ಅಲ್ಲಾಡಿಸಿದರೆ 2ರಿಂದ 4 ಮಿಲಿಮೀಟರ್ ಆಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಲೆಕ್ಕ. ಹೊಂದಿಸುವ ನಟ್ ಆ ಲಿವರಿನ ಹತ್ತಿರ, ಕೇಬಲ್ಲಿನ ತುದಿಯಲ್ಲೇ ಇರುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಮೊದಲು ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಇಲ್ಲವಾದರೆ ನಟ್ ಜೊತೆ ಕೇಬಲ್ಲೂ ತಿರುಚಿಕೊಂಡು ಹಾಳಾಗುತ್ತದೆ. ಫ್ರೀ ಪ್ಲೇ ಕಡಿಮೆಯಿದ್ದರೆ ಸಡಿಲಕ್ಕೆ, ಹೆಚ್ಚಿದ್ದರೆ ಬಿಗಿಗೆ ಒಂದೆರಡು ಸುತ್ತು ತಿರುಗಿಸಿ, ನಾಲ್ಕಾರು ಸಲ ಪೆಡಲ್ ತುಳಿದು, ಮತ್ತೆ ಅಳೆಯಿರಿ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಎರಡು ಪರೀಕ್ಷೆ. ಪೆಡಲ್ ಪೂರ್ತಿ ತುಳಿದು, ಮೂರ್ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಬಹಳಷ್ಟು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸುವ ಭಾಗ) ಇರುವುದಿಲ್ಲ, ಆದ್ದರಿಂದ ಕ್ಲಚ್ ತನ್ನ ಹಿಡಿತವನ್ನು ಪೂರ್ತಿ ಬಿಡದಿದ್ದರೆ ಮೊದಲು ಕೂಗುವುದು ಅದೇ. ಇನ್ನೊಂದು, ಬಯಲಲ್ಲಿ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಟಾಪ್ ಗೇರ್ ಹಾಕಿ, ಕ್ಲಚ್ ಪೆಡಲ್ಲನ್ನು ಮೆಲ್ಲಗೆ ಬಿಡುವುದು. ಎಂಜಿನ್ ತಕ್ಷಣ ನಿಂತರೆ ಕ್ಲಚ್ ಹಿಡಿಯುತ್ತಿದೆ, ನಿಮ್ಮ ಪಿಕಪ್ ಸಮಸ್ಯೆ ಬಹುಶಃ ಬೇರೆ ಕಡೆಯದ್ದು. ನಿಲ್ಲದೆ ಓಡುತ್ತಿದ್ದರೆ ಪ್ಲೇಟ್ ಜಾರುತ್ತಿದೆ. ಈ ಪರೀಕ್ಷೆ ಒಂದೇ ಸಲ ಸಾಕು, ಮಾಡಿದಷ್ಟೂ ಪ್ಲೇಟ್ ಸುಡುತ್ತದೆ.

ಫ್ರೀ ಪ್ಲೇ ಸರಿಯಿದ್ದೂ ಜಾರುತ್ತಿದ್ದರೆ ನಟ್ಟಿನಲ್ಲಿ ಇನ್ನೇನೂ ಉಳಿದಿಲ್ಲ. ಫ್ರೀ ಪ್ಲೇ ಸರಿಯಿದ್ದೂ ಗೇರ್ ಕೂಗುತ್ತಿದ್ದರೂ ಅಷ್ಟೇ. ರಿಲೀಸ್ ಬೇರಿಂಗನ್ನು ನೂಕುವ ಫೋರ್ಕ್ ಸವೆದಿರಬಹುದು, ಪ್ಲೇಟ್ ಸೊಟ್ಟಗಾಗಿರಬಹುದು. ಆದರೆ ಗೇರ್ ಬಾಕ್ಸಿಗೆ ಕೈ ಹಾಕುವ ಮುನ್ನ ಕಾಲಬುಡ ನೋಡಿ. ರಬ್ಬರ್ ಮ್ಯಾಟಿನ ಮೇಲೆ ನಾರಿನ ಮ್ಯಾಟ್, ಅದರ ಮೇಲೆ ಮಣ್ಣಾಗದಿರಲೆಂದು ಗೋಣಿಚೀಲ ಹಾಸಿದ ಗಾಡಿಗಳಿವೆ. ಪೆಡಲ್ ನೆಲ ಮುಟ್ಟಲು ಜಾಗವೇ ಇಲ್ಲದಿದ್ದರೆ ಕ್ಲಚ್ ಬಿಡುವುದಾದರೂ ಹೇಗೆ? ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯದ್ದು ಬೇರೆಯೇ ಕತೆ. ಅದರ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಂಡಿರಬಹುದು. ಅದಕ್ಕೂ ಕೇಬಲ್ಲಿಗೂ ಸಂಬಂಧವಿಲ್ಲ.

ನಮ್ಮ ಕಡೆ ಪ್ಲೇಟ್ ತಿನ್ನುವುದು ಶಿರಾಡಿ ಘಾಟಿ. ಲೋಡ್ ಲಾರಿಗಳ ಹಿಂದೆ ಏರಿನಲ್ಲಿ ಸಾಲು ನಿಂತಾಗ, ಬ್ರೇಕಿನ ಬದಲು ಹಾಫ್ ಕ್ಲಚ್ಚಿನಲ್ಲಿ ಗಾಡಿ ತಡೆದು ನಿಲ್ಲಿಸುವ ಚಟ ಬಹಳ ಜನಕ್ಕೆ. ಒಂದೇ ಮಾದರಿಯ ಕಾರಿನ ಕ್ಲಚ್ ಒಬ್ಬರ ಕೈಯಲ್ಲಿ ಲಕ್ಷ ಕಿಲೋಮೀಟರ್ ದಾಟುತ್ತದೆ, ಇನ್ನೊಬ್ಬರ ಕೈಯಲ್ಲಿ 30 ಸಾವಿರಕ್ಕೇ ಕರಕಲು ವಾಸನೆ. ಘಾಟಿಯಲ್ಲಿ ಆ ವಾಸನೆ ಬಂದರೆ ಬದಿಗೆ ಹಾಕಿ ತಣಿಯಲು ಬಿಡಿ. ನೀರು ಮಾತ್ರ ಸುರಿಯಬೇಡಿ.

ಶಬ್ದವನ್ನೂ ಗಮನಿಸಿ. ನ್ಯೂಟ್ರಲ್‌ನಲ್ಲಿ ಪೆಡಲ್ ತುಳಿದಾಗ ಮಾತ್ರ ಗುರ್ರ್ ಎಂದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಶಬ್ದ ಬಂದು, ತುಳಿದಾಗ ನಿಂತರೆ ಸಾಮಾನ್ಯವಾಗಿ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಗಾಡಿ ಹೊರಡುವಾಗ ಗದಗದ ನಡುಗಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು, ಎಂಜಿನ್ ಮೌಂಟಿಂಗ್ ರಬ್ಬರ್ ಹೋಗಿರಲೂಬಹುದು. ರಬ್ಬರ್ ಅಗ್ಗ, ಅದನ್ನೇ ಮೊದಲು ನೋಡಿಸಿ.

ಕೇಬಲ್ ಬದಲು ಫ್ಲೂಯಿಡ್ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪ್ಲೇಟ್ ಸವೆತವನ್ನು ಸಾಮಾನ್ಯವಾಗಿ ಫ್ಲೂಯಿಡ್ಡೇ ಸರಿದೂಗಿಸುತ್ತದೆ, ತಿರುಗಿಸಲು ಕೇಬಲ್ ನಟ್ ಇರುವುದಿಲ್ಲ. ಎರಡು ಮೂರು ಸಲ ಪಂಪ್ ಮಾಡಿದ ಮೇಲಷ್ಟೇ ಗೇರ್ ಬೀಳುತ್ತಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ಸೀಲ್ ಸೋತಿದೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯ ಫ್ಲೂಯಿಡ್. ಹಾಗಾಗಿ ಮಟ್ಟ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗದೆ ಸೋರುವ ಜಾಗ ಹುಡುಕಿಸಿ.

ಕೊನೆಗೆ ಗೇರ್ ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಇಳಿಸಿ ಏರಿಸುವ ಕೂಲಿ ಹೇಗೂ ಒಂದೇ. ಒಳಗಿನ ಧೂಳಿಗೆ ಏರ್ ಹೊಡೆಯಲು ಬಿಡಬೇಡಿ, ಶ್ವಾಸಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹಳೇ ಪ್ಲೇಟನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ರಿವೆಟ್ ತಲೆಗಳು ಮೇಲ್ಮೈಗೆ ಬಂದಿದ್ದರೆ ಅದು ಸವೆದು ಸತ್ತಿದೆ. ರಿವೆಟ್ ಇನ್ನೂ ಆಳದಲ್ಲಿದ್ದು ಪ್ಲೇಟ್ ಆಯಿಲ್‌ನಲ್ಲಿ ನೆನೆದಿದ್ದರೆ ಸೋರುತ್ತಿರುವುದು ಎಂಜಿನ್ನಿನ ಕ್ರ್ಯಾಂಕ್ ಸೀಲೋ ಗೇರ್ ಬಾಕ್ಸ್ ಸೀಲೋ ಎಂದು ನೋಡಿ, ಅದನ್ನು ಬದಲಿಸಿದ ಮೇಲೆಯೇ ಹೊಸ ಪ್ಲೇಟ್ ಕೂರಿಸಲು ಹೇಳಿ.